ತಟ್ಟೆಗೆ ಅಡ್ಡ ಹಿಡಿದ ಕೈ

೬ ಜನವರಿ ೨೦೦೩

ವಿಮೆ ಏಜೆಂಟ್ ವರ್ಷವರ್ಷವೂ ಕೊಡುವ ಡೈರಿ ಇಷ್ಟು ದಿನ ಮಗಳು ಸೌಜನ್ಯಳ ರಫ್ ಕೆಲಸಕ್ಕೆ ಹೋಗುತ್ತಿತ್ತು. ಈ ಸಲ ನಾನೇ ಇಟ್ಟುಕೊಂಡೆ. ಬರೆಯುವ ಚಟ ನನಗಿಲ್ಲ. ಆದರೆ ದಿನವಿಡೀ ತೆಂಗಿನಕಾಯಿ ಮಂಡಿಯಲ್ಲಿ ಕೂಗಾಡಿ ಬಾಯಿ ಸೋತಿರುತ್ತದೆ, ಹೇಳಬೇಕಾದ ಮಾತನ್ನು ಮಾತ್ರ ಯಾರಿಗೂ ಹೇಳಿರುವುದಿಲ್ಲ.

ಇವತ್ತು ಗಂಗಯ್ಯನ ಹನ್ನೊಂದನೇ ದಿನದ ಶಿವಗಣಾರಾಧನೆ ಮುಗಿಯಿತು. ಚನ್ನರಾಯಪಟ್ಟಣದ ಮಾರುಕಟ್ಟೆಯಲ್ಲಿ ಅವನ ಕಾಯಿ ಮಂಡಿ ನನ್ನದಕ್ಕೆ ಅಂಟಿಕೊಂಡೇ ಇದೆ. ನನಗಿಂತ ಚಿಕ್ಕವನು. ರಾಶಿಯ ಪಕ್ಕ ನಿಂತು ಲಾರಿ ಡ್ರೈವರನಿಗೆ ಬೈಯುತ್ತಿದ್ದವನು ಅರ್ಧ ಬೈಗುಳದಲ್ಲೇ ನೆಲಕ್ಕೆ ಕೂತುಬಿಟ್ಟ. ಹಾಸನಕ್ಕೆ ಕರೆದೊಯ್ದೆವು, ಶಾಂತಿಗ್ರಾಮ ದಾಟಲಿಲ್ಲ. ಹಾರ್ಟು ಎಂದರು. ಅವನ ತಲೆ ನನ್ನ ತೊಡೆಯ ಮೇಲಿತ್ತು.

ಅವನು ಹೋದ ಮಾರನೇ ವಾರವೇ ನಾನೂ ಹಾಸನಕ್ಕೆ ಹೋಗಿ ರಕ್ತ ಪರೀಕ್ಷೆ ಮಾಡಿಸಿಕೊಂಡು ಬಂದೆ. ಕೊಲೆಸ್ಟ್ರಾಲ್ ಸ್ವಲ್ಪ ಮೇಲಿದೆ, ಎಣ್ಣೆ, ಕಾಯಿ ಸ್ವಲ್ಪ ಕಡಿಮೆ ಮಾಡಿ, ಮೂರು ತಿಂಗಳು ಬಿಟ್ಟು ಬನ್ನಿ ಎಂದರು ಡಾಕ್ಟರು. ಸ್ವಲ್ಪ ಎಂದರೆ ಎಷ್ಟು ಎಂದು ಕೇಳಿದೆ. ನಕ್ಕರು. ಈ ಸ್ವಲ್ಪದ ಭಾಷೆ ನನಗೆ ಅರ್ಥವಾಗುವುದಿಲ್ಲ. ಪೂರ್ತಿ ಬಿಡುವುದೇ ಸುಲಭ. ಇವತ್ತಿನಿಂದ ಕಾಯಿ ಬಿಟ್ಟೆ.

೧೯ ಜನವರಿ

ತೆಂಗಿನಕಾಯಿ ವ್ಯಾಪಾರಿಯ ಮನೆಯಲ್ಲಿ ಕಾಯಿ ಹಾಕದ ಸಾರು. ಪ್ರೇಮಕುಮಾರಿ ಎರಡು ಪಾತ್ರೆಯಲ್ಲಿ ಮಾಡುತ್ತಾಳೆ, ನನಗೊಂದು, ಉಳಿದವರಿಗೊಂದು. ಮದುವೆಯಾದಾಗಿನಿಂದ ಅವಳ ಕೈಸಾರನ್ನು ಹೊಗಳಿಕೊಂಡೇ ಬಂದವನು ನಾನು. ಈಗ ಅವಳು ನನ್ನ ಮುಖ ನೋಡದೆ ಬಡಿಸುತ್ತಾಳೆ. ನನಗೂ ಪಾಪ ಎನಿಸುತ್ತದೆ. ಆದರೆ ಗಂಗಯ್ಯನ ಹೆಂಡತಿಯನ್ನು ನೋಡಿದವನಿಗೆ ಈ ಪಾಪ ದೊಡ್ಡದಲ್ಲ.

ನಮ್ಮ ಮನೆಯಲ್ಲಿ ಒಂದು ಕಟ್ಟುಪಾಡು ಇದೆ. ತಟ್ಟೆಗೆ ಬಿದ್ದದ್ದು ಪ್ರಸಾದ, ಒಂದಗುಳು ಬಿಡುವಂತಿಲ್ಲ. ಅಪ್ಪ ಊಟವಾದ ಮೇಲೆ ತಟ್ಟೆಗೆ ನೀರು ಹಾಕಿ, ಬೆರಳಿನಿಂದ ಬಳಿದು, ಆ ನೀರನ್ನೂ ಕುಡಿದೇ ಏಳುವುದು. ಬೇಡ ಎನ್ನುವುದಿದ್ದರೆ ಬೀಳುವ ಮುಂಚೆಯೇ ತಟ್ಟೆಗೆ ಕೈ ಅಡ್ಡ ಹಿಡಿಯಬೇಕು. ಚಿಕ್ಕವನಾಗಿದ್ದಾಗ ನನಗೆ ಇದು ಬರುತ್ತಲೇ ಇರಲಿಲ್ಲ, ಅವ್ವ ಕೈ ಸರಿಸಿ ಬಡಿಸಿಬಿಡುತ್ತಿದ್ದಳು. ಈಗ ಚೆನ್ನಾಗಿ ಬಂದಿದೆ.

ಅಪ್ಪ ಎರಡು ವಾರ ನೋಡಿ ಇವತ್ತು ಬಾಯಿ ಬಿಟ್ಟರು. "ಕಾಯಿ ಮಾರ್ಕೊಂಡು ಉಣ್ಣೋ ಮನೇಲಿ ಕಾಯಿ ಬ್ಯಾಡ ಅಂದ್ರೆ ಎಂಗ್ಲಾ ಬಸವೇಶ. ಗಿರಾಕಿಗೆ ಇಸ ಮಾರ್ತಿದೀನಿ ಅಂದಂಗಾಯ್ತು."

ಗಿರಾಕಿಯ ಹಾರ್ಟು ಗಿರಾಕಿ ನೋಡಿಕೊಳ್ಳಲಿ ಎಂದೆ. ಸೌಜನ್ಯ ಕಿಸಕ್ಕನೆ ನಕ್ಕಳು. ಒಂಬತ್ತನೇ ಕ್ಲಾಸಿನ ಹುಡುಗಿ, ಇನ್ನೂ ಅಮ್ಮ ಕಾಯಿ ತುರಿಯುವ ಕಡೆ ಕೂತು ತುರಿಗೆ ಬೆಲ್ಲ ಸೇರಿಸಿ ಮುಕ್ಕುತ್ತಾಳೆ. ಕೆನ್ನೆ ನೋಡಿದರೇ ಗೊತ್ತಾಗುತ್ತದೆ.

೧೧ ಫೆಬ್ರವರಿ

ಎಣ್ಣೆ ಹೋಯಿತು, ತುಪ್ಪ ಹೋಯಿತು, ಸಕ್ಕರೆ ಹೋಯಿತು. ಟೀ ಬಿಟ್ಟ ಮೇಲೆ ಎರಡು ದಿನ ತಲೆ ಸಿಡಿದುಹೋಯಿತು, ಅದರಿಂದಲೇ ತಿಳಿಯಿತು ಅದೆಂಥ ವಿಷ ಎಂದು. ಪೇಪರಿನ ಆರೋಗ್ಯದ ಪುಟದಲ್ಲಿ ಹಾಲಿನ ಬಗ್ಗೆಯೂ ಬಂದಿತ್ತು. ಕರುವಿಗೆ ಇರುವುದನ್ನು ನಾವು ಕುಡಿಯುವುದೇಕೆ. ಹಾಲೂ ಹೋಯಿತು.

ಹೊಟ್ಟೆ ಕರಗಿದೆ. ಮಾರುಕಟ್ಟೆಯಲ್ಲಿ ಕೃಷ್ಣಪ್ಪ ನನ್ನನ್ನು ನಿಲ್ಲಿಸಿ ಹಿಂದೆ ಮುಂದೆ ನೋಡಿ, "ಮದ್ವೆ ಗಂಡು ಆದಂಗೆ ಆಗ್ಬುಟ್ಟಿದೀಯ ಕಣಯ್ಯ" ಎಂದ. ಅವನಿಗೂ ಹೊಟ್ಟೆಯಿದೆ, ಕರಗಿಸುವ ಯೋಗ್ಯತೆ ಇಲ್ಲ. ಅವನು ವಡೆ ತಿನ್ನುವುದನ್ನು ನೋಡುತ್ತಾ ನಿಂತೆ. ಒಂದು ಥರ ಖುಷಿಯಾಯಿತು. ತಿಂದರೆ ಇಷ್ಟು ಖುಷಿ ಆಗುತ್ತಿರಲಿಲ್ಲ.

ಮಂಡಿಯ ಅಟ್ಟ ಹತ್ತುವಾಗ ನಡುವೆ ಒಂದು ಸಲ ಕೂರಬೇಕಾಯಿತು. ಇಷ್ಟು ವರ್ಷ ಸೇರಿಕೊಂಡಿದ್ದ ಕಲ್ಮಶ ಹೊರಗೆ ಹೋಗುವಾಗ ಹೀಗೆಲ್ಲ ಆಗುತ್ತದಂತೆ. ಬಿಸಿಲಿನಲ್ಲೂ ಸ್ವೆಟರ್ ಬೇಕೆನಿಸುತ್ತದೆ.

ಪ್ರೇಮಕುಮಾರಿ ನನ್ನ ಸಾರಿಗೆ ಕಳ್ಳತನದಲ್ಲಿ ಒಗ್ಗರಣೆ ಹಾಕಿದ್ದಳು. ವಾಸನೆಯಲ್ಲೇ ಹಿಡಿದೆ. ಕೂಗಾಡಿದೆ. ಆಮೇಲೆ ಬೇಜಾರಾಯಿತು, ಆದರೆ ಉಣ್ಣಲಿಲ್ಲ.

೨ ಮಾರ್ಚ್

ನಿನ್ನೆ ಶಿವರಾತ್ರಿ. ಎಲ್ಲರೂ ಉಪವಾಸ. ಇವತ್ತು ಬೆಳಗ್ಗೆ ಅಪ್ಪ ಪೂಜೆ ಮುಗಿಸಿ ಎಲ್ಲರಿಗಿಂತ ಮುಂಚೆ ಊಟಕ್ಕೆ ಕೂತರು. ವಯಸ್ಸಾದವರಿಗೆ ಹಸಿವು ತಡೆಯುವುದಿಲ್ಲ. ನನಗೆ ಮುರಿಯಬೇಕು ಎನಿಸಲೇ ಇಲ್ಲ. ಹೊಟ್ಟೆ ಖಾಲಿಯಿದ್ದಾಗ ತಲೆಯಲ್ಲಿ ಒಂದು ಬೆಳಕು ಇರುತ್ತದೆ, ಅದನ್ನು ಅನ್ನ ಹಾಕಿ ಯಾಕೆ ಮುಚ್ಚುವುದು. ಇನ್ನೂ ಒಂದು ದಿನ ಎಂದುಕೊಂಡೆ.

ಅಪ್ಪನಿಗೆ ಇದು ಭಕ್ತಿ ಎಂದು ಕಂಡಿತು. ಕಾಯಿಯ ಜಗಳ ಮರೆತು ಭುಜ ತಟ್ಟಿದರು. ಓಣಿಯಲ್ಲೂ ಹೇಳಿಕೊಂಡು ಬಂದಿದ್ದಾರೆ. ನಾನು ತಿದ್ದಲು ಹೋಗಲಿಲ್ಲ. ಭಕ್ತಿ ಎಂದುಕೊಂಡರೆ ಯಾರೂ ಬಡಿಸಲು ಬರುವುದಿಲ್ಲ.

ಸೌಜನ್ಯ ಬಂದು ಪಕ್ಕದಲ್ಲಿ ಕೂತಳು. "ನೀವು ಇದ್ದಷ್ಟು ಹೊತ್ತು ನಾನೂ ಇರ್ತೀನಿ ಅಪ್ಪಾಜಿ" ಎಂದಳು. ಸಂಜೆಯವರೆಗೆ ನಿಜಕ್ಕೂ ಇದ್ದಳು. ಈ ಮನೆಯಲ್ಲಿ ನನ್ನ ಕಡೆಗೆ ಒಬ್ಬರಾದರೂ ಬಂದರಲ್ಲ.

೨ ಏಪ್ರಿಲ್

ಯುಗಾದಿ. ಬೇವುಬೆಲ್ಲದಲ್ಲಿ ಬೆಲ್ಲ ಆರಿಸಿ ಪಕ್ಕಕ್ಕಿಟ್ಟು ಬೇವಿನೆಲೆ ಮಾತ್ರ ತಿಂದೆ. ಅಪ್ಪನಿಗೆ ಸಿಟ್ಟು ಬಂತು.

"ಎರಡ್ನೂ ಕೂಡಿಸಿ ಕೊಡೋದು ಕಣ್ಲಾ. ಬರೀ ಬೇವು ತಿನ್ನಾಕೆ ಹಬ್ಬ ಯಾಕೆ, ಮರದ ತಾವ್ಕೇ ಓಗಿ ಮೇಯ್ಬೋದಲ್ಲ."

ನಾನು ನಕ್ಕು ಸೌಜನ್ಯಳ ಕಡೆ ನೋಡಿದೆ. ಅವಳ ಅಂಗೈಯಲ್ಲೂ ಬೆಲ್ಲ ಬೇರೆ, ಬೇವು ಬೇರೆ. ಒಬ್ಬಟ್ಟು ಬಂದಾಗ ಅವಳ ಕೈ ನನಗಿಂತ ಮುಂಚೆ ತಟ್ಟೆಗೆ ಅಡ್ಡ ಬಂತು. ಬೆರಳು ಸೇರಿಸಿ, ಅಂಗೈ ಸ್ವಲ್ಪ ಬಗ್ಗಿಸಿ, ಥೇಟ್ ನಾನು ಹಿಡಿಯುವ ಹಾಗೆ. ಪ್ರೇಮಕುಮಾರಿ ಒಬ್ಬಟ್ಟನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತೇ ಇದ್ದಳು. ನನಗೆ ಹೆಮ್ಮೆಯಾಯಿತು ಎಂದು ಬರೆದರೆ ತಪ್ಪಿಲ್ಲ. ಆ ವಯಸ್ಸಿನಲ್ಲಿ ನನಗೆ ನಾಲಗೆಯ ಮೇಲೆ ಹಿಡಿತವೇ ಇರಲಿಲ್ಲ.

ಹಾಸನದ ಡಾಕ್ಟರು ಹೇಳಿದ ಮೂರು ತಿಂಗಳು ಕಳೆಯುತ್ತಾ ಬಂತು. ಹೋಗಿ ಏನು ಮಾಡುವುದು. ಸಾಕು ಎಂದುಬಿಟ್ಟರೆ ಎಂದು ಭಯ.

೨೦ ಏಪ್ರಿಲ್

ಕನಸಿನಲ್ಲಿ ಮಸಾಲೆ ದೋಸೆ ತಿಂದೆ. ಬೆಣ್ಣೆ ಹಾಕಿದ್ದು. ಎದ್ದಾಗ ಮೈ ಬೆವೆತಿತ್ತು. ಕನಸು ಎಂದು ಗೊತ್ತಾದ ಮೇಲೂ ಮಧ್ಯಾಹ್ನ ಉಣ್ಣಲಿಲ್ಲ. ಸರಿದೂಗಲಿ ಎಂದು.

೧೫ ಮೇ

ಹೊಳೆನರಸೀಪುರದಲ್ಲಿ ನಾದಿನಿ ಹೊನ್ನಕ್ಕನ ಮನೆಯ ಗೃಹಪ್ರವೇಶ. ಪ್ರೇಮಕುಮಾರಿಯ ತವರಿನವರೆಲ್ಲ ಅರಕಲಗೂಡಿನಿಂದ ವ್ಯಾನು ಮಾಡಿಕೊಂಡು ಬಂದಿದ್ದರು. ಬಾಗಿಲಲ್ಲಿ ಒಡೆದ ಕಾಯಿ, ತಾಂಬೂಲಕ್ಕೆ ಕೊಟ್ಟ ಕಾಯಿ ಎಲ್ಲ ನಮ್ಮ ಮಂಡಿಯದೇ. ಚೆನ್ನಾಗಿ ನಡೆಯಿತು, ಊಟದವರೆಗೆ.

ನಾನು ಸ್ಟೀಲ್ ಡಬ್ಬಿಯಲ್ಲಿ ಬೇಯಿಸಿದ ಹುರುಳಿಕಾಯಿ, ಸೌತೆಕಾಯಿ ತಂದಿದ್ದೆ. ಎಲೆಯ ಮುಂದೆ ಕೂತು ಡಬ್ಬಿ ತೆಗೆದರೆ ಚೆನ್ನಾಗಿರುವುದಿಲ್ಲ ಎಂದು ಮಹಡಿಗೆ ಹೋಗಿ ಹಳೇ ಚಾಪೆಗಳ ಪಕ್ಕ ಕೂತೆ. ಸೌಜನ್ಯ ಹಿಂದೆಯೇ ಬಂದಳು. ಇಬ್ಬರೂ ಹಂಚಿಕೊಂಡು ತಿಂದೆವು. ಕೆಳಗಿನಿಂದ ಪಾಯಸದ ವಾಸನೆ, ಜನರ ಗದ್ದಲ. ಇವರಿಗೆಲ್ಲ ಏನೂ ಗೊತ್ತಿಲ್ಲ ಅಲ್ವಾ ಅಪ್ಪಾಜಿ ಎಂದಳು. ಪಾಪ ಎಂದೆ.

ಹೊನ್ನಕ್ಕ ಹುಡುಕಿಕೊಂಡು ಬಂದು ಬಾಗಿಲಲ್ಲೇ ನಿಂತಳು. "ನಮ್ಮನೆ ಅನ್ನ ನಿಮಗೆ ಇಳಿಯಾಕಿಲ್ವಾ ಭಾವ" ಎಂದು ಕೇಳಿ, ಉತ್ತರಕ್ಕೆ ಕಾಯದೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹೋದಳು. ಬಸ್ಸಿನಲ್ಲಿ ಪ್ರೇಮಕುಮಾರಿ ಬೇರೆ ಸೀಟಿನಲ್ಲಿ ಕೂತಳು.

ಇನ್ನು ಮೇಲೆ ಇಂಥ ಕಡೆ ಹೋಗುವುದೇ ಬೇಡ. ಹೋಗಿ ಜನರ ಮನಸ್ಸು ನೋಯಿಸುವುದಕ್ಕಿಂತ ಮನೆಯಲ್ಲಿರುವುದು ವಾಸಿ.

೨೩ ಜೂನ್

ಸೌಜನ್ಯ ಹತ್ತನೇ ಕ್ಲಾಸಿಗೆ ಬಂದಳು. ಈಗ ಅವಳೇ ನನ್ನ ಗುರು. ಬಾಳೆಹಣ್ಣಿನಲ್ಲೂ ಸಕ್ಕರೆ ಇರುತ್ತದೆ ಎಂದು ಓದಿಕೊಂಡು ಬಂದಳು, ಬಾಳೆಹಣ್ಣು ಹೋಯಿತು. ಅನ್ನದ ಗಂಜಿ ಬಸಿದರೂ ಸಕ್ಕರೆ ಒಳಗೆ ಉಳಿಯುತ್ತದೆ ಎಂದಳು, ಅನ್ನ ಹೋಯಿತು. ರಾಗಿ ಮುದ್ದೆಯ ಗಾತ್ರವೂ ಕಮ್ಮಿಯಾಗುತ್ತಾ ನಿಂಬೆಹಣ್ಣಿನಷ್ಟಕ್ಕೆ ಬಂದಿದೆ. ಅದನ್ನು ಇಬ್ಬರೂ ಎಷ್ಟು ಹೊತ್ತು ಉಣ್ಣುತ್ತೇವೆ ಎಂದರೆ ಪ್ರೇಮಕುಮಾರಿ ನಮ್ಮನ್ನು ಬಿಟ್ಟು ಒಳಗೆ ಹೋಗಿಬಿಡುತ್ತಾಳೆ.

ಎರಡನೇ ಸಲ ಪಲ್ಯ ಹಾಕಿಸಿಕೊಂಡೆ ಎಂದು ನನ್ನನ್ನು ಒಂದು ನೋಟ ನೋಡಿದಳು ಹುಡುಗಿ. ನನಗೆ ಕಳ್ಳತನದಲ್ಲಿ ಸಿಕ್ಕಿಬಿದ್ದಂತಾಯಿತು. ರಾತ್ರಿ ಊಟ ಬಿಟ್ಟೆ.

ಕೊರಳಿನ ಲಿಂಗದ ಕರಡಿಗೆ ನಡೆಯುವಾಗ ಎದೆಯ ಮೂಳೆಗೆ ಬಡಿಯುತ್ತದೆ. ಮುಂಚೆ ಹೀಗಿರಲಿಲ್ಲ. ಅದಕ್ಕೊಂದು ಬಟ್ಟೆ ಸುತ್ತಿಕೊಂಡಿದ್ದೇನೆ.

೧೪ ಜುಲೈ

ಶಾಲೆಯಿಂದ ಮಂಡಿಗೆ ಫೋನು. ಬೆಳಗಿನ ಪ್ರಾರ್ಥನೆಯಲ್ಲಿ ಸೌಜನ್ಯ ಬಿದ್ದಳಂತೆ. ಓಡಿದೆ, ಎಂದರೆ ಓಡಲು ಹೋಗಿ ಎರಡು ಸಲ ಗೋಡೆ ಹಿಡಿದು ನಿಂತೆ. ಟೀಚರ ಕೋಣೆಯ ಬೆಂಚಿನ ಮೇಲೆ ಮಲಗಿಸಿದ್ದರು. ಗ್ಲೂಕೋಸ್ ನೀರು ಕೊಟ್ಟರೆ ಬಾಯಿ ಬಿಗಿ ಹಿಡಿದಿದ್ದಾಳೆ. ಬಿಸ್ಕತ್ತಿನ ತಟ್ಟೆಗೆ ಕೈ ಅಡ್ಡ ಹಿಡಿದಿದ್ದಾಳೆ, ಕಣ್ಣು ಮುಚ್ಚಿಕೊಂಡೇ. ಮೈದಾ, ಸಕ್ಕರೆ, ಡಾಲ್ಡಾ. ಸರಿಯಾಗಿಯೇ ಮಾಡಿದಳು.

ಬೆಳೆಯುವ ಹೆಣ್ಣುಮಕ್ಕಳು ಪ್ರಾರ್ಥನೆಯಲ್ಲಿ ಬೀಳುವುದು ಹೊಸದೇನಲ್ಲ. ಹಾಗೆಂದು ಟೀಚರಿಗೂ ಹೇಳಿದೆ. ಆಕೆ ನನ್ನ ಕೈಯನ್ನೇ ನೋಡುತ್ತಿದ್ದರು. ಗಡಿಯಾರ ಮೊಣಕೈವರೆಗೆ ಜಾರಿತ್ತು.

೧೬ ಜುಲೈ

ಪ್ರೇಮಕುಮಾರಿ ಎರಡು ದಿನ ಮಾತಾಡಿರಲಿಲ್ಲ. ಇವತ್ತು ಮಂಡಿಗೇ ಬಂದಳು, ಮದುವೆಯಾದ ಮೇಲೆ ಮೊದಲನೇ ಸಲ. ಆಳುಗಳು ದೂರ ಸರಿದರು.

"ನಿಮ್ಮ ಮಗಳು ಯುಗಾದಿಯಿಂದ ಮುಟ್ಟಾಗಿಲ್ಲ" ಎಂದಳು. "ತಲೆ ಬಾಚಿದ್ರೆ ಕೈತುಂಬ ಕೂದ್ಲು ಬರ್ತದೆ. ನಿಮ್ಮ ಪಥ್ಯ ನೀವು ಏನಾರಾ ಮಾಡ್ಕೊಳಿ. ನನ್ನ ಮಗೂನ ನಂಗೆ ಕೊಡಿ."

ಗಂಡಸರಿಗೆ ಹೇಳುವ ಮಾತಲ್ಲ ಅದು. ಕಾಯಿರಾಶಿಯ ಮುಂದೆ ನಿಂತು ಹೇಳಿದಳು. ನಾನು ಏನು ಹೇಳಿದೆನೋ ನೆನಪಿಲ್ಲ. ಅವಳು ಹೋದ ಮೇಲೆ ಎಣಿಸಿಟ್ಟ ಕಾಯಿಯನ್ನೇ ಮತ್ತೆ ಎಣಿಸಿದೆ.

೪ ಆಗಸ್ಟ್

ಹಾಸನ. ಈ ಸಲ ಬೇರೆ ಡಾಕ್ಟರು, ಹೆಂಗಸು, ಕನ್ನಡಕ ತಲೆಯ ಮೇಲೆ ಏರಿಸಿಕೊಂಡೇ ಮಾತಾಡುತ್ತಾರೆ. ಸೌಜನ್ಯಳನ್ನು ತೂಗಿದರು, ನಾಡಿ ಹಿಡಿದು ಗಡಿಯಾರ ನೋಡಿದರು, ಇನ್ನೊಂದು ಸಲ ಹಿಡಿದರು. ಅವಳ ತೋಳಿನ ಮೇಲೆ ಎಳೆಮಗುವಿಗಿರುವಂಥ ನವಿರು ಕೂದಲು ಬಂದಿರುವುದನ್ನು ತೋರಿಸಿದರು. ನಾನು ಗಮನಿಸಿರಲಿಲ್ಲ. ಆಮೇಲೆ ನನ್ನ ತೋಳು ನೋಡಿಕೊಂಡೆ.

ಏನೇನು ತಿನ್ನುತ್ತಾಳೆ ಎಂದು ಕೇಳಿದರು. ಹೇಳಿದೆ. ಏನೇನು ಬಿಟ್ಟಿದ್ದೇವೆ ಎನ್ನುವುದನ್ನು ಹೇಳುವಾಗ ನನ್ನ ದನಿ ತಾನಾಗಿ ಏರಿತು ಎಂದು ಪ್ರೇಮಕುಮಾರಿ ಆಮೇಲೆ ಹೇಳಿದಳು. ಡಾಕ್ಟರು ಪೂರ್ತಿ ಕೇಳಿಸಿಕೊಂಡರು.

"ಪಥ್ಯ ಅಂದ್ರಲ್ಲ, ಯಾವ ಕಾಯಿಲೆಗೆ?"

ಕಾಯಿಲೆ ಬರಬಾರದು ಅಂತ ಎಂದೆ.

"ಕಾಯಿಲೆ ಇದ್ದರೆ ಅದು ವಾಸಿಯಾದ ದಿನ ಪಥ್ಯ ಮುಗೀತದೆ. ಬರದೇ ಇರೋ ಕಾಯಿಲೆಗೆ ಪಥ್ಯ ಹಿಡಿದ್ರೆ ಯಾವತ್ತು ಮುಗಿಸ್ತೀರಿ?"

ನನ್ನನ್ನೂ ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಮುಳ್ಳು ನೋಡಿ ನಿಟ್ಟುಸಿರು ಬಿಟ್ಟರು. ಒಳ್ಳೆಯದನ್ನು ತಿನ್ನುವುದು ತಪ್ಪಲ್ಲ, ತಿನ್ನುವುದಕ್ಕೇ ಹೆದರಿಕೆ ಹುಟ್ಟಿದರೆ ಅದೇ ಕಾಯಿಲೆ, ನಿಮಗೂ ಇದೆ, ಇವಳಿಗೂ ಇದೆ ಎಂದರು. ಹುಡುಗಿಯ ಎದೆಬಡಿತ ನಿಧಾನವಾಗಿದೆಯಂತೆ. ಹೀಗೇ ಬಿಟ್ಟರೆ ಹಾರ್ಟಿಗೆ ಏಟು, ಒಂದು ತಿಂಗಳು ನೋಡುತ್ತೇನೆ, ಆಗದಿದ್ದರೆ ಆಸ್ಪತ್ರೆಗೆ ಸೇರಿಸಬೇಕು ಎಂದರು. ಮನಸ್ಸಿನ ಡಾಕ್ಟರ ಹೆಸರು ಬರೆದುಕೊಟ್ಟರು, ಇಬ್ಬರೂ ತೋರಿಸಿಕೊಳ್ಳಬೇಕಂತೆ.

ಹಾರ್ಟು. ಯಾವುದಕ್ಕೆ ಹೆದರಿ ಇಷ್ಟೆಲ್ಲ ಮಾಡಿದೆನೋ ಅದನ್ನೇ ಹೇಳಿದರು. ನನಗೆ ಒಪ್ಪಿಗೆಯಿಲ್ಲ. ಕುಡಿದು ರಸ್ತೆಯಲ್ಲಿ ಬಿದ್ದವರಿಗೆ ಯಾರೂ ಕಾಯಿಲೆ ಎನ್ನುವುದಿಲ್ಲ, ಹುರುಳಿಕಾಯಿ ಬೇಯಿಸಿಕೊಂಡು ತಿಂದವನಿಗೆ ಕಾಯಿಲೆ. ಆದರೆ ಸೌಜನ್ಯ ಮೇಜಿನ ಕಡೆ ನೋಡುತ್ತಾ ಒಂದು ಮಾತು ಹೇಳಿದಳು. "ಅಪ್ಪಾಜಿ ತಿಂದ್ರೆ ನಾನೂ ತಿಂತೀನಿ."

ಬಸ್ಸಿನಲ್ಲಿ ನನಗೆ ಎದೆ ಹಗುರಾಯಿತು. ಇಷ್ಟೇ ತಾನೇ. ಅಷ್ಟನ್ನೆಲ್ಲ ಬಿಟ್ಟವನಿಗೆ ತಿನ್ನುವುದು ಏನು ಮಹಾ.

೧೨ ಆಗಸ್ಟ್

ಆಗುತ್ತಿಲ್ಲ.

ಮೊದಲ ದಿನ ಕಾಯಿ ಹಾಕಿದ ಸಾರು ಒಂದು ಸೌಟು. ಅನ್ನ ಕಲಸಿದೆ, ತುತ್ತು ಮಾಡಿದೆ, ಬಾಯಿಯ ಹತ್ತಿರ ತಂದೆ. ಬಾಯಿ ತೆರೆಯಲಿಲ್ಲ. ಮಣ್ಣು ತಿನ್ನು ಎಂದಿದ್ದರೆ ತಿಂದುಬಿಡುತ್ತಿದ್ದೆನೇನೋ. ಸೌಜನ್ಯ ನನ್ನ ಬಾಯನ್ನೇ ನೋಡುತ್ತಿದ್ದಳು. ಇವತ್ತು ಹೊಟ್ಟೆ ಸರಿಯಿಲ್ಲ, ನಾಳೆ ಎಂದೆ. ಅವಳೂ ಸರಿ ನಾಳೆ ಎಂದಳು.

ಆ ನಾಳೆ ಒಂದು ವಾರವಾಯಿತು. ಮನಸ್ಸಿನ ಡಾಕ್ಟರ ಚೀಟಿ ಅಂಗಿಯ ಜೇಬಿನಲ್ಲೇ ಇದೆ. ಹುಡುಗಿಗೆ ನಾಳೆ ಗಂಡು ನೋಡುವಾಗ ಇದೆಲ್ಲ ಎದ್ದು ಬಂದರೆ ಎಂದುಕೊಂಡೆ. ಪ್ರೇಮಕುಮಾರಿಗೂ ಹಾಗೇ ಹೇಳಿದೆ. ಗಂಡು ನೋಡೋಕೆ ಅವಳು ಇರಬೇಕಲ್ಲ ಎಂದಳು.

೧೯ ಆಗಸ್ಟ್

ಬಲು ಸುಸ್ತು. ಮಂಡಿಗೆ ಹೋಗಲಿಲ್ಲ.

ಅಪ್ಪ ಈಗ ಊಟ ಮುಗಿದರೂ ಏಳುವುದಿಲ್ಲ. ನಮ್ಮ ಎದುರು ತಟ್ಟೆ ಇಟ್ಟುಕೊಂಡು ಕೂತೇ ಇರುತ್ತಾರೆ. ಬೈಯುವುದನ್ನೂ ಬಿಟ್ಟಿದ್ದಾರೆ. ಬೈದರೆ ವಾಸಿಯಿತ್ತು.

೩೧ ಆಗಸ್ಟ್

ಗಣೇಶನ ಹಬ್ಬ. ಕಾಯಿಕಡುಬು. ಪ್ರೇಮಕುಮಾರಿ ಬೆಳಗ್ಗೆಯಿಂದ ಕಾಯಿ ತುರಿಯುತ್ತಿದ್ದಳು. ಸೌಜನ್ಯ ಆ ಕಡೆ ಸುಳಿಯಲಿಲ್ಲ. ಕೋಣೆಯಲ್ಲಿ ಗೋಡೆಗೆ ಒರಗಿ ಪುಸ್ತಕ ಹಿಡಿದು ಕೂತಿದ್ದಳು, ಪುಟ ತಿರುಗುತ್ತಿರಲಿಲ್ಲ. ಇನ್ನು ನಾಲ್ಕೈದು ದಿನಕ್ಕೆ ಡಾಕ್ಟರು ಕೊಟ್ಟ ತಿಂಗಳು ಮುಗಿಯುತ್ತದೆ.

ಇವತ್ತು ತಿನ್ನಲೇಬೇಕು ಎಂದು ದೇವರ ಮುಂದೆ ಹೇಳಿಕೊಂಡು ಕೂತಿದ್ದೆ. ಒಂದು ಕಡುಬು ತಟ್ಟೆಗೆ ಬಿತ್ತು. ಮುರಿದೆ. ಕಚ್ಚಿದೆ. ಕಾಯಿ, ಬೆಲ್ಲ, ಏಲಕ್ಕಿ. ಅವ್ವನ ಕಾಲದ ರುಚಿ. ಕಣ್ಣಲ್ಲಿ ನೀರು ಬಂತು, ಬಾಯಿಯಲ್ಲೂ ನೀರು ಬಂತು, ಗಂಟಲು ಮಾತ್ರ ಬಿಡಲಿಲ್ಲ. ಕೆಮ್ಮು ಬಂದವನ ಹಾಗೆ ಹೆಗಲ ಟವೆಲ್ಲನ್ನು ಬಾಯಿಗೆ ಹಿಡಿದೆ. ಬಾಯಿಯಲ್ಲಿದ್ದದ್ದೂ ಕೈಯಲ್ಲಿದ್ದದ್ದೂ ಟವೆಲ್ಲಿಗೆ ಹೋಯಿತು. ತಟ್ಟೆ ಖಾಲಿ.

"ತಿಂದ ಕಣವ್ವ" ಎಂದು ಅಪ್ಪ ಪ್ರೇಮಕುಮಾರಿಗೆ ಹೇಳಿದರು. ಅವರ ಮುಖ ಅರಳಿತು. ಪ್ರೇಮಕುಮಾರಿ ಅಡುಗೆಮನೆಗೆ ಹೋಗಿ ಅತ್ತಳು, ಸಂತೋಷಕ್ಕೆ. ಸೌಜನ್ಯ ಕೂಡ ಒಂದು ಕಡುಬು ಹಾಕಿಸಿಕೊಂಡಳು. ಅವಳ ತಟ್ಟೆಯೂ ಖಾಲಿಯಾಯಿತು.

ಹೇಗೋ ಆಯಿತು. ನಾನು ಮಾಡಿದ್ದು ಮೋಸವೇ, ಆದರೆ ಮಗು ತಿಂದಳಲ್ಲ. ನನ್ನದು ಮುಖ್ಯವಲ್ಲ.

೧ ಸೆಪ್ಟೆಂಬರ್

ಬೆಳಗ್ಗೆ ಟವೆಲ್ಲನ್ನು ನಾನೇ ಒಗೆಯೋಣ ಎಂದು ಹಿತ್ತಲಿಗೆ ಹೋದೆ. ಸೌಜನ್ಯ ಆಗಲೇ ಅದನ್ನು ಕಲ್ಲಿನ ಮೇಲೆ ಹಾಕಿ ಉಜ್ಜುತ್ತಿದ್ದಳು. ಅವಳ ಬೆನ್ನಿನ ಮೂಳೆ ರವಿಕೆಯ ಮೇಲಿಂದ ಒಂದೊಂದೂ ಕಾಣುತ್ತಿತ್ತು. ನನ್ನನ್ನು ನೋಡಿ ಗಾಬರಿಯಾಗಲಿಲ್ಲ. ಸುತ್ತ ಯಾರಿಲ್ಲ ಎಂದು ನೋಡಿಕೊಂಡು ಸಣ್ಣ ದನಿಯಲ್ಲಿ ಹೇಳಿದಳು.

"ಟವೆಲ್ಲಲ್ಲಿ ಇಡ್ಬೇಡಿ ಅಪ್ಪಾಜಿ. ಎಣ್ಣೆ ಹಿಡೀತದೆ, ಅಮ್ಮಂಗೆ ಗೊತ್ತಾಗೋಯ್ತದೆ. ನಾನು ಲಂಗದ ಜೇಬಲ್ಲಿ ಪ್ಲಾಸ್ಟಿಕ್ ಕವರ್ ಇಟ್ಕೊಂತೀನಿ. ನಿಮಗೂ ಒಂದು ಕೊಡ್ಲಾ?"

ಕೇಳಿದ ರೀತಿ ಹೇಗಿತ್ತೆಂದರೆ, ಪರೀಕ್ಷೆಗೆ ಹೊರಟವರಿಗೆ ಇನ್ನೊಂದು ಪೆನ್ನು ಬೇಕಾ ಎಂದು ಕೇಳುವ ಹಾಗೆ. ಪ್ರೀತಿಯಿಂದ ಕೇಳಿದಳು.

ನಾನು ಕಲ್ಲಿನ ಪಕ್ಕ ಕೂತುಬಿಟ್ಟೆ. ಗಂಗಯ್ಯ ಕೂತದ್ದು ಹೀಗೇ.

೨ ಸೆಪ್ಟೆಂಬರ್

ಬರೆಯಲು ಏನಿದೆ.

೩ ಸೆಪ್ಟೆಂಬರ್

ಬೆಳಗ್ಗೆ ಚೀಟಿಯನ್ನು ಪ್ರೇಮಕುಮಾರಿಯ ಕೈಗೆ ಕೊಟ್ಟೆ. ಟವೆಲ್ಲಿನ ವಿಷಯವನ್ನೂ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ. ನನಗೆ ಗೊತ್ತಿತ್ತು ಎಂದಳು. ನಾಳೆ ಹಾಸನಕ್ಕೆ ಮೊದಲ ಬಸ್ಸಿಗೆ ಹೋಗೋಣ ಎಂದಳು, ಮೂರೂ ಜನ.

ಮಧ್ಯಾಹ್ನ ಊಟಕ್ಕೆ ಕೂತಾಗ ನನಗೆ ಬೇರೆ ಪಾತ್ರೆ ಬೇಡ ಎಂದೆ. ಎಲ್ಲರಿಗೂ ಮಾಡಿದ ಸಾರೇ ಬರಲಿ. ಸೌಟು ಹತ್ತಿರ ಬಂದಾಗ ಕೈ ತಾನಾಗಿ ಮೇಲೆದ್ದಿತು. ಇಷ್ಟು ತಿಂಗಳ ಅಭ್ಯಾಸ, ನನ್ನ ಮಾತು ಕೇಳುವುದಿಲ್ಲ. ಅದನ್ನು ಎಳೆದು ತೊಡೆಯ ಕೆಳಗೆ ಹಾಕಿ ಅದರ ಮೇಲೇ ಕೂತೆ. ಸಾರು ಬಿತ್ತು. ಕಾಯಿಯ ತುರಿ, ಒಗ್ಗರಣೆಯ ಎಣ್ಣೆ, ಅನ್ನದ ಮೇಲೆ ಹರಡಿಕೊಂಡಿತು. ಬಿದ್ದ ಮೇಲೆ ಪ್ರಸಾದ.

ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ನೀರು ಕುಡಿದು ಕುಡಿದು ನುಂಗಿದೆ. ನಡುವೆ ಒಂದು ಸಲ ಅತ್ತೆ, ಮಗಳ ಎದುರಿಗೇ, ತಡೆಯಲಾಗಲಿಲ್ಲ. ಪ್ರತಿ ತುತ್ತಿಗೂ ಎದೆ ಹೊಡೆದುಕೊಳ್ಳುತ್ತಿತ್ತು, ಇದೇ ಕೊನೆಯದು, ಇದರಲ್ಲೇ ಹೋಗುತ್ತೇನೆ ಎನಿಸುತ್ತಿತ್ತು. ಹೋಗಲಿಲ್ಲ. ಸಂಜೆ ಇನ್ನೊಂದು ಊಟವಿದೆ, ನಾಳೆ ಮತ್ತೆ ಇದೆ, ನಾಡಿದ್ದೂ ಇದೆ. ನೆನೆದರೇ ಸುಸ್ತಾಗುತ್ತದೆ. ಅಪ್ಪ ತಮ್ಮ ತಟ್ಟೆಯ ನೀರು ಕುಡಿಯದೆ ನನ್ನ ತಟ್ಟೆ ನೋಡುತ್ತಾ ಕಾಯುತ್ತಿದ್ದರು.

ಮುಗಿದ ಮೇಲೆ ನಾನೂ ತಟ್ಟೆಗೆ ನೀರು ಹಾಕಿ ಬೆರಳಿನಿಂದ ಬಳಿದೆ. ನೀರಿನ ಮೇಲೆ ಎಣ್ಣೆ ಸಣ್ಣ ಸಣ್ಣ ಬೊಟ್ಟಾ‌ಗಿ ತೇಲುತ್ತಿತ್ತು. ಎತ್ತಿ ಕುಡಿದೆ.

ಸೌಜನ್ಯ ನನ್ನ ತಟ್ಟೆ ನೋಡಿದಳು. ಆಮೇಲೆ ಹೆಗಲ ಮೇಲಿನ ಟವೆಲ್ ನೋಡಿದಳು. ನಾನು ಟವೆಲ್ ತೆಗೆದು, ಪೂರ್ತಿ ಬಿಡಿಸಿ, ಅವಳ ಮುಂದೆ ಕೊಡವಿ ತೋರಿಸಿದೆ. ಏನೂ ಬೀಳಲಿಲ್ಲ. ಅವಳು ಟವೆಲ್ಲಿನ ಅಂಚು ಮುಟ್ಟಿ ನೋಡಿದಳು. ಆಮೇಲೆ ಲಂಗದ ಜೇಬಿಗೆ ಕೈ ಹಾಕಿ, ಮಡಿಸಿಟ್ಟಿದ್ದ ಪ್ಲಾಸ್ಟಿಕ್ ಕವರ್ ತೆಗೆದು ನನ್ನ ತಟ್ಟೆಯ ಪಕ್ಕ ಇಟ್ಟಳು.

"ಒಂದೇ ಸೌಟು ಅಮ್ಮ" ಎಂದಳು, ತಟ್ಟೆಯ ಮೇಲಿನ ಕೈ ತೆಗೆದು.

ಪ್ರೇಮಕುಮಾರಿ ಒಂದೇ ಸೌಟು ಬಡಿಸಿದಳು. ಅಪ್ಪ, ಪ್ರೇಮಕುಮಾರಿ, ನಾನು, ಮೂವರೂ ಅವಳ ಜೊತೆ ಏಳದೆ ಕೂತೆವು.